ಒಂಬತ್ತು ಫರಸಿಯ ಕೋಣೆ

ಆಳಂದದ ಕಡೆ ಕೋಣೆ ಎಷ್ಟು ದೊಡ್ಡದೆಂದು ಕೇಳಿದರೆ ಜನ ಫೂಟಿನಲ್ಲಿ ಹೇಳುವುದಿಲ್ಲ, ಫರಸಿಯಲ್ಲಿ ಹೇಳುತ್ತಾರೆ. ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಉದ್ದಕ್ಕೆಷ್ಟು, ಅಡ್ಡಕ್ಕೆಷ್ಟು ಎಂದು ಎಣಿಸಿದರೆ ಆಯಿತು; ಒಂದು ಕಲ್ಲೆಂದರೆ ಎರಡು ಫೂಟು. ಹೆಣ್ಣು ನೋಡಲು ಹೋದವರು ಕೂಡ ಪಡಸಾಲೆಯ ಚಾಪೆಯ ಮೇಲೆ ಕೂತು, ಚಹಾ ಬರುವುದರೊಳಗೆ ಕಣ್ಣಲ್ಲೇ ಫರಸಿ ಎಣಿಸಿ ಮುಗಿಸಿರುತ್ತಾರೆ. ಹಾಗಾಗಿ ರಮಾಬಾಯಿ ಆ ಖಾಲಿ ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಯವರೆಗೆ ಒಂದೊಂದೇ ಕಲ್ಲಿನ ಮೇಲೆ ಹೆಜ್ಜೆಯಿಟ್ಟು ಎಣಿಸಿದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಉದ್ದಕ್ಕೆ ಒಂಬತ್ತು, ಅಡ್ಡಕ್ಕೆ ಐದು. ಎರಡು ಸಲ ಎಣಿಸಿದಳು. ಎರಡು ಸಲವೂ ಅಷ್ಟೇ ಬಂತು.

ಮೊದಲು ಅಲ್ಲಿ ತೊಗರಿಬೇಳೆಯ ದಾಸ್ತಾನು ಇತ್ತು. ಗೋಡೆಗೆ, ನೆಲಕ್ಕೆ ಇನ್ನೂ ಬೇಳೆಯ ಹಳದಿ ಧೂಳು ಅಂಟಿಕೊಂಡಿತ್ತು. ಮಾಲೀಕ ರೇವಣಪ್ಪ ದಾಸ್ತಾನನ್ನು ಬೇರೆಡೆಗೆ ಸಾಗಿಸಿದ ಮೇಲೆ ತಹಸೀಲ ಕಚೇರಿಯ ಸುತ್ತಮುತ್ತ ದುಡಿಯುತ್ತಿದ್ದ ನಾಲ್ಕು ಜನ ಹೆಂಗಸರು ಸೇರಿ ಅದನ್ನು ಬಾಡಿಗೆಗೆ ಹಿಡಿದರು. ವಿಮೆ ಮಾಡಿಸುವ ಚಂದಮ್ಮ, ವಕೀಲೆ ರಾಧಿಕಾ, ಕಂಪ್ಯೂಟರಿನಲ್ಲಿ ಪಹಣಿ, ಆಧಾರ್ ಎಂದು ಅರ್ಜಿ ತುಂಬಿಕೊಡುವ ನಸ್ರೀನ, ಮತ್ತು ರಮಾಬಾಯಿ. ಎಲ್ಲರದೂ ಸಮಪಾಲು.

ರಮಾಬಾಯಿ ಕೈಬರಹದ ಅರ್ಜಿ ಬರೆಯುವವಳು. ವಿಧವಾ ವೇತನ, ಪಹಣಿಯಲ್ಲಿ ತಪ್ಪಿದ ಹೆಸರು, ರೇಷನ್ ಕಾರ್ಡಿನಿಂದ ಬಿಟ್ಟುಹೋದ ಸೊಸೆ, ಹೀಗೆ. ಹದಿನೆಂಟು ವರ್ಷದಿಂದ ತಹಸೀಲಿನ ಆವರಣದ ಬೇವಿನ ಗಿಡದ ಬುಡದಲ್ಲಿ ಕಾಲು ಮಡಚಿ ಕೂತು, ತೊಡೆಯ ಮೇಲೆ ಒಂದು ಪ್ಲೈವುಡ್ಡಿನ ಹಲಗೆಯಿಟ್ಟುಕೊಂಡು ಬರೆಯುತ್ತ ಬಂದಿದ್ದಳು. ಹಲಗೆಯ ಅಂಚು ತಾಗಿ ತಾಗಿ ಅವಳ ಸೀರೆಗಳೆಲ್ಲ ತೊಡೆಯ ಹತ್ತಿರವೇ ಹರಿಯುತ್ತಿದ್ದವು. ಈಗ ನಲವತ್ತೆಂಟರ ವಯಸ್ಸಿಗೆ ಮೊಣಕಾಲು ಮಡಚಿದರೆ ಬಿಚ್ಚಲು ಗಿಡ ಹಿಡಿಯಬೇಕು.

ಅವಳಿಗೆ ಟೇಬಲ್ ಬೇಕಿತ್ತು. ಅದಕ್ಕೊಂದು ಎಳೆಯುವ ಖಾನೆ, ಖಾನೆಗೊಂದು ಕೀಲಿ. ಮತ್ತೆ ಅದು ಕಿಟಕಿಯ ಕೆಳಗೇ ಇರಬೇಕಿತ್ತು. ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಹಿಂದಿನ ಗೋಡೆಗೆ. ಅದರಾಚೆ ಅದೇ ಬೇವಿನ ಗಿಡ ಕಾಣುತ್ತಿತ್ತು. ಕಿಣ್ಣಿ ಸುಲ್ತಾನದಿಂದಲೋ ಹಿರೋಳ್ಳಿಯಿಂದಲೋ ಬಸ್ಸಿಳಿದು ಬರುವ ಮುದುಕಿಯರಿಗೆ ಆಫೀಸು, ಬೋರ್ಡು ತಿಳಿಯುವುದಿಲ್ಲ. ಅವರು ಗಿಡಕ್ಕೇ ಬರುತ್ತಾರೆ. ಕಿಟಕಿಯಲ್ಲಿ ಕೂತರೆ ಅವರನ್ನು ಕೂಗಿ ಕರೆಯಬಹುದು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಜೇವರ್ಗಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು ಸೃಷ್ಟಿಗೆ ಮಾತ್ರ ಫೋನಿನಲ್ಲಿ ಹೇಳಿದಳು.

"ಟೇಬಲ್ ಬಂದ ದಿನ ಫೋಟೋ ಕಳಸು ಮಮ್ಮಿ, ಕುರ್ಚಿ ಮ್ಯಾಲ ಕುಂತು. ನಮ್ಮ ವಾರ್ಡಿನ ಸಿಸ್ಟರ್ಗೋಳಿಗೆಲ್ಲ ತೋರಸ್ತೇನಿ."

ಗೆರೆ ನೇರ ಎಳೆಯುವ ಕೈ ಅವಳದೇ ಎಂದು ನಕ್ಷೆಯ ಕೆಲಸ ಅವಳಿಗೇ ಬಂತು. ಚೌಕುಳಿ ಹಾಳೆಯ ಒಂದು ಮನೆಗೆ ಒಂದು ಫರಸಿ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ನಾಲ್ಕು ಟೇಬಲ್ ಮಾಡಿದಳು. ಮಧ್ಯಾಹ್ನ ನಾಲ್ವರೂ ಚಾಪೆಯ ಮೇಲೆ ಕೂತು, ಚೌಕಾಬಾರ ಆಡುವವರಂತೆ ಆ ರಟ್ಟಿನ ಚೂರುಗಳನ್ನು ಸರಿಸಾಡಿದರು. ಬಡಗಿ ಗುಡುಸಾಬ ಮೊಬೈಲಿನಲ್ಲಿ ಟೇಬಲ್ಲುಗಳ ಚಿತ್ರ ತೋರಿಸುತ್ತ ಗೋಡೆಗೊರಗಿ ಕೂತಿದ್ದ.

"ನಂಗ ಇಂಥಾದ್ದು," ಎಂದು ಚಂದಮ್ಮ ಮೊಬೈಲಿಗೆ ಬೆರಳು ಒತ್ತಿದಳು. ಅರ್ಧಚಂದ್ರಾಕಾರದ ಟೇಬಲ್ಲು, ಮೇಲೆ ಗಾಜು. "ಬ್ಯಾಂಕ್ ಮ್ಯಾನೇಜರ್ ಕಡಿ ಐತಲ್ಲ, ಹಂಗ. ಗಾಜಿನ ಕೆಳಗ ದೇವ್ರ ಫೋಟೋ ಇಡ್ತೀನಿ. ಮುಖ ಮೂಡಲಕ್ಕ ಇರಬೇಕು, ಈಗ್ಲೇ ಹೇಳೇನಿ."

"ಅರ್ಧಾ ಯಾಕ್ರಿ ಅಕ್ಕೋರೆ," ಎಂದ ಗುಡುಸಾಬ. "ಹುಣ್ಣಿಮಿ ತನಕಾ ತಡೀರಿ, ಪೂರಾ ಚಂದ್ರನ್ನೇ ಮಾಡಿ ಕೊಡ್ತೇನಿ."

"ಲೇ, ನೀ ಮದಲ ಕಾಲು ನಾಕೂ ಸಮಾ ಮಾಡೋ. ಹ್ವಾದ ವರ್ಷ ಮಾಡಿಕೊಟ್ಟ ದೇವರ ಮಂಟಪ ಇನ್ನೂ ಕುಂಟಾಕತ್ತದ."

ಎಲ್ಲರೂ ನಕ್ಕರು. ಚಂದಮ್ಮನ ರಟ್ಟು ಬಾಗಿಲಿನ ಎಡಕ್ಕೆ ಕೂತಿತು. ರಾಧಿಕಾ ವಯಸ್ಸಿನಲ್ಲಿ ಎಲ್ಲರಿಗಿಂತ ಸಣ್ಣವಳು, ಆದರೆ ವಕೀಲೆ. ಗಂಡನ ಮೇಲೆ ಕೇಸು ಹಾಕಲು ಬಂದ ಹೆಣ್ಣುಮಕ್ಕಳು ಎಲ್ಲರೆದುರು ಬಾಯಿ ಬಿಡುವುದಿಲ್ಲ, ಹಿಂದಿನ ಎಡಮೂಲೆಗೆ ಹಲಗೆಯ ಗೋಡೆ ಬೇಕು ಎಂದಳು. ಅದೂ ನ್ಯಾಯವೇ. ನಸ್ರೀನಳಿಗೆ ಕಂಪ್ಯೂಟರು, ಪ್ರಿಂಟರು, ಜೆರಾಕ್ಸು ಮೂರನ್ನೂ ಕೂತಲ್ಲೇ ಮುಟ್ಟಬೇಕಾದ್ದರಿಂದ ಎಲ್ ಆಕಾರದ್ದೇ ಆಗಬೇಕು. "ರೋಡಿಗೆ ಮುಖ ಮಾಡಿ ಕುಂದ್ರಾಂಗಿಲ್ಲ ಅಕ್ಕಾ, ಹೋಗೋ ಬರೋರೆಲ್ಲ ಇಣಕ್ತಾರ. ಕಿಟಕಿ ಕಡಿ ನಾ ಕುಂದ್ರತೇನಿ," ಎಂದು ತನ್ನ ಎಲ್ ಅನ್ನು ಕಿಟಕಿಯ ಕೆಳಗಿಟ್ಟಳು. ಅಲ್ಲಿದ್ದ ರಮಾಬಾಯಿಯ ರಟ್ಟನ್ನು ಎತ್ತಿ ಬಾಗಿಲಿನ ಬಳಿ, ಚಪ್ಪಲಿ ಬಿಡುವ ಜಾಗಕ್ಕೆ ಸರಿಸಿದವಳು ಚಂದಮ್ಮ.

"ನಿಂದೇನ್ ಬೇ ರಮಾ, ನೀ ಎಲ್ಲಿ ಕುಂತ್ರೂ ಬರೀತಿ."

ಅದು ಹೊಗಳಿಕೆಯೇ ಆಗಿತ್ತು. ಹಾಗೆಂದೇ ಎಲ್ಲರೂ ತಲೆಯಾಡಿಸಿದರು. ರಮಾಬಾಯಿಯೂ ಆಡಿಸಿದಳು. ಆದರೆ ಮನೆಗೆ ಹೋಗಿ ಜೋಳದ ಹಿಟ್ಟು ನಾದುವಾಗ ಆ ಮಾತು ಹಿಟ್ಟಿನೊಳಗಿನ ಹರಳಿನಂತೆ ಬೆರಳಿಗೆ ಸಿಗುತ್ತಲೇ ಇತ್ತು.

ನಾಲ್ಕು ದಿನ ಅವಳು ಆ ರಟ್ಟುಗಳನ್ನು ಕೂಡಿಸಿದಳು, ಬಿಡಿಸಿದಳು. ಗಿಡದ ಕೆಳಗೆ ಜನರಿಲ್ಲದ ಹೊತ್ತಿನಲ್ಲೂ ಹಲಗೆಯ ಮೇಲೆ ಅದೇ. ಐದನೆಯ ದಿನ ಕಿಟಕಿಯಿಂದ ಬೀಳುವ ಬಿಸಿಲು ಅವಳ ಕಣ್ಣಿಗೆ ಬಿತ್ತು.

"ನಸ್ರೀನ, ಮಧ್ಯಾನ ಮೂರಕ್ಕ ಕಿಟಕಿ ಬಿಸಲು ಸೀದಾ ಸ್ಕ್ರೀನಿಗೆ ಹೊಡೀತದ ನೋಡು. ಏನೂ ಕಾಣಂಗಿಲ್ಲ. ಬಲಗ್ವಾಡಿ ನಡುವ ಹಾಕ್ಕೋ. ಪ್ಲಗ್ಗೂ ಅಲ್ಲೇ ಅವ."

ನಸ್ರೀನ ಬಂದು ನಿಂತು ನೋಡಿ, "ಹೌದಲ್ಲ ಅಕ್ಕಾ, ನಂಗ ಹೊಳೀಲೇ ಇಲ್ಲ," ಎಂದಳು. ಅಷ್ಟೇ. ಅಷ್ಟು ಸುಲಭವಾಗಿ ಕಿಟಕಿ ಸಿಕ್ಕಿತು. ಹಿಂದಿನ ಎರಡು ಸಾಲು ಫರಸಿ ರಮಾಬಾಯಿಯವು: ಒಂದು ಸಾಲು ಟೇಬಲ್ಲಿಗೆ, ಒಂದು ಕುರ್ಚಿಗೆ. ಬಂದವರಿಗೆ ಪಕ್ಕದಲ್ಲೊಂದು ಸ್ಟೂಲು. ನಾಲ್ಕು ಫೂಟು ಅಗಲ, ಎರಡು ಫೂಟು ಆಳ, ಸಾದಾ ಟೇಬಲ್ಲು. ಎಲ್ಲರೂ ಒಪ್ಪಿದರು. ಗುಡುಸಾಬ ನಕ್ಷೆ ನೋಡಿ, "ಎಷ್ಟು ಫರಸಿ? ಒಂಬತ್ತಾ? ಬರೋಬ್ಬರಿ ಬರ್ತದ," ಎಂದು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಟೇಪು ಅವನ ಸೊಂಟದಲ್ಲೇ ಇತ್ತು. ತೆಗೆಯಲಿಲ್ಲ. ಯಾಕೆ ತೆಗೆಯಬೇಕು?

ಅವನು ಹೊರಟಾಗ ಅವಳು ಹಿಂದೆ ಹೋಗಿ, "ಖಾನೆಗೆ ಛಲೋ ಕೀಲಿ ಇರ್ಲಿ ಭಾಯಿ. ತಗಡಿಂದಲ್ಲ. ಎರಡು ಕೀಲಿಕೈ ಬರೋವಂಥಾದ್ದು," ಎಂದಳು.

"ಅಂಥಾದ್ದು ಇಲ್ಲಿ ಸಿಗಂಗಿಲ್ಲ, ಸೋಲಾಪುರದಿಂದ ತರಸಬೇಕು. ನಾಕ್ ದಿನಾ ತಡಾ ಆಗ್ತದ ನೋಡ್ರಿ ನಿಮ್ಮದು."

"ಆಗ್ಲಿ. ಹದಿನೆಂಟು ವರ್ಷ ಆಗ್ಯದ, ನಾಕ್ ದಿನಾ ಏನು?"

ಶುಕ್ರವಾರ ಚಂದಮ್ಮನ ಅರ್ಧಚಂದ್ರ ಬಂತು. ಕಾಯಿ ಒಡೆದು, ನಾಲ್ಕೂ ಕಾಲಿಗೆ ಕುಂಕುಮ ಹಚ್ಚಿ ಕೂರಿಸಿದರು. ಪೂಜೆಯಾದ ಮೇಲೆ ಅಲುಗಾಡಿಸಬಾರದೆಂದು ಚಂದಮ್ಮ ಎಲ್ಲರಿಗೂ ಹೇಳಿದಳು. ಶನಿವಾರ ರಾಧಿಕಾಳ ಹಲಗೆಯ ಗೋಡೆ ನೆಲಕ್ಕೆ ಮೊಳೆ ಹೊಡೆಸಿಕೊಂಡು ನಿಂತಿತು. ನಸ್ರೀನಳ ಎಲ್ ಟೇಬಲ್ಲನ್ನು ಗೋಡೆಗೆ ಬೋಲ್ಟು ಹಾಕಿ, ಒಳಗಿಂದ ವಾಯರು ಎಳೆದು ಕೂರಿಸಿದರು. ರಮಾಬಾಯಿ ಎಲ್ಲರಿಗೂ ಚಹಾ ತಂದಳು. ಕಿಟಕಿಯ ಕೆಳಗಿನ ಜಾಗ ಯಾಕೋ ಸ್ವಲ್ಪ ಸಣ್ಣದಾಗಿ ಕಂಡಿತು. ಖಾಲಿ ಜಾಗ ಸುತ್ತ ಸಾಮಾನು ಬಂದಾಗ ಹಾಗೆ ಕಾಣುತ್ತದೆ ಎಂದುಕೊಂಡಳು.

ಸೋಮವಾರ ಅವಳ ಟೇಬಲ್ ಬಂತು. ಸಾಗವಾನಿ ಬಣ್ಣ, ಬಲಕ್ಕೆ ಖಾನೆ, ಹಿತ್ತಾಳೆಯ ಕೀಲಿ. ಗುಡುಸಾಬ ಮತ್ತು ಗಾಡಿಯವನು ಅದನ್ನು ಓರೆ ಮಾಡಿ ತಂದು ಕಿಟಕಿಯ ಕೆಳಗೆ ಇಳಿಸಿದರು. ಗೋಡೆಗೆ ಒತ್ತಿದರು. ರಮಾಬಾಯಿ ಕುರ್ಚಿ ಎತ್ತಿಕೊಂಡು ಹಿಂದೆಯೇ ನಿಂತಿದ್ದಳು.

ಕುರ್ಚಿ ಇಡಲು ಜಾಗವಿರಲಿಲ್ಲ. ಟೇಬಲ್ಲಿನ ಅಂಚಿಗೂ ನಸ್ರೀನಳ ಎಲ್ ಟೇಬಲ್ಲಿನ ಬೆನ್ನಿಗೂ ನಡುವೆ ಉಳಿದದ್ದು ಅರ್ಧ ಫೂಟು. ಅವಳು ಅಡ್ಡಲಾಗಿ ತೂರಿ ನಿಂತು ನೋಡಿದಳು. ಹೊಟ್ಟೆ ಟೇಬಲ್ಲಿಗೆ, ಬೆನ್ನು ಹಲಗೆಗೆ ತಾಗಿತು. ಟೇಬಲ್ ಹಿಡಿಸಿತ್ತು, ಮನುಷ್ಯರು ಹಿಡಿಸುತ್ತಿರಲಿಲ್ಲ.

"ಹಿಂಗ ಹ್ಯಾಂಗ ಆತು?" ಎಂದು ಗುಡುಸಾಬ ಈಗ ಟೇಪು ತೆಗೆದ. ಬಾಗಿಲಿನಿಂದ ಕಿಟಕಿಗೆ ಹಿಡಿದ. ಹದಿನಾರೂವರೆ. ಬಗ್ಗಿ ಒಂದೊಂದೇ ಕಲ್ಲು ಅಳೆದ. ಮೊದಲ ಆರು ಸಾಲು ಎರಡೆರಡು ಫೂಟು. ಕೊನೆಯ ಮೂರು ಸಾಲು ಒಂದೂವರೆ.

ಸದ್ದು ಕೇಳಿ ಎದುರಿನ ಅಂಗಡಿಯಿಂದ ಬಂದ ರೇವಣಪ್ಪ ಬಾಗಿಲಲ್ಲೇ ನಿಂತು ಹೇಳಿದ: "ಅದಾ? ಗ್ವಾಡಿ ಹಿಂದಕ್ಕ ಸರಿಸಿ ಖೋಲಿ ಬೆಳಿಸಿದ್ವಿ. ಮನ್ಯಾಗ ಉಳದಿದ್ದ ಫರಸಿ ಹಾಸೇವಿ. ಬೇಳಿ ಚೀಲಕ್ಕ ಯಾ ಫರಸಿ ಆದ್ರೇನು."

ಅಡ್ಡಕ್ಕೆ ಎಲ್ಲವೂ ಎರಡು ಫೂಟು ಇದ್ದವು, ಸಂದುಗಳು ಬಾಗಿಲಿನಿಂದ ಕಿಟಕಿಯವರೆಗೂ ಒಂದೇ ಗೆರೆಯಲ್ಲಿ ಕೂಡಿದ್ದವು. ದೂರದ ಕಲ್ಲು ಮೋಟಾಗಿ ಕಂಡರೆ ದೂರದ್ದೆಂದುಕೊಳ್ಳುತ್ತದೆ ಕಣ್ಣು. ಅವಳ ಹೆಜ್ಜೆ ಎಣಿಸಿತ್ತು, ಕಣ್ಣು ನೋಡಿರಲಿಲ್ಲ.

"ಎಣಿಸ್ದಾಕಿ ನಾನೇ," ಎಂದಳು ರಮಾಬಾಯಿ. ಯಾರೂ ಕೇಳಿರಲಿಲ್ಲ.

ಮೊದಲು ಕೈಹಚ್ಚಿದವಳು ನಸ್ರೀನಳೇ. "ನಂದು ಒಂದೂವರಿ ಫೂಟ್ ಮುಂದ ಸರಿಸೋಣಕ್ಕಾ, ಬಾ," ಎಂದು ಸೆರಗು ಸಿಕ್ಕಿಸಿ ಟೇಬಲ್ಲಿನ ಒಂದು ಮಗ್ಗುಲು ಹಿಡಿದಳು. ಇಬ್ಬರೂ ತಳ್ಳಿದರು. ಬೋಲ್ಟು ಕಿರುಗುಟ್ಟಿ ಗೋಡೆಯ ಗಿಲಾಯಿ ತೊಗಟೆಯಂತೆ ಕಿತ್ತು ಬಿತ್ತು.

"ಏ ಏ ಏ, ಗ್ವಾಡಿ ಕೆಡವ್ತೀರೇನು!" ಎಂದು ರೇವಣಪ್ಪ ಕೂಗಿದ. "ಗ್ವಾಡಿ ಮುಟ್ಟೋದಾದ್ರ ಈಗ್ಲೇ ಖಾಲಿ ಮಾಡ್ರಿ."

"ಮುಂದ ಸರಿಸಿದ್ರೂ ಚಂದಮ್ಮಕ್ಕೋರ ಟೇಬಲಿಗೆ ತಾಗ್ತದ," ಎಂದ ಗುಡುಸಾಬ ಮೆಲ್ಲಗೆ.

"ಎಲ್ ತಿರುವಿ ಹಾಕಿದ್ರ?" ರಮಾಬಾಯಿಯ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು.

"ಆಗಂಗಿಲ್ಲಮ್ಮಾ. ಎಲ್ ಟೇಬಲ್ಲಿಗೆ ಎಡಗೈ ಬಲಗೈ ಇರ್ತದ. ತಿರುವಿದ್ರ ಮಶೀನೆಲ್ಲಾ ಗ್ವಾಡಿ ಕಡಿ ಹೋಗ್ತಾವ. ಬೇಕಂದ್ರ ನಿಮ್ಮ ಟೇಬಲ್ಲೇ ಒಂದೂವರಿ ಫೂಟ್ ಕೊಯ್ದು ಕೊಡ್ತೇನಿ."

"ಕೊಯ್ದ್ರ ಉಳಿಯೋದೇನು, ದೀಪ ಇಡೋ ಗೂಡಾ?" ಎಂದಳು ರಾಧಿಕಾ. ತನ್ನ ಹಲಗೆಯ ಗೋಡೆಯತ್ತ ಒಮ್ಮೆ ನೋಡಿದಳು. ಒಳಗೆ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಒಬ್ಬ ಹುಡುಗಿ ಕೂತಿದ್ದಳು. ರಾಧಿಕಾ ಒಳಗೆ ಹೋದಳು.

ಎಲ್ಲರೂ ಕೊನೆಗೆ ಚಂದಮ್ಮನ ಅರ್ಧಚಂದ್ರದ ಕಡೆ ನೋಡಿದರು. ಆ ಬಾಗಿದ ಹೊಟ್ಟೆಯೊಂದೇ ಮೂರು ಫರಸಿ ತಿಂದಿತ್ತು. ಗಾಜಿನ ಕೆಳಗೆ ದೇವರು, ಕಾಲಿಗೆ ಕುಂಕುಮ.

"ಪೂಜಿ ಆಗ್ಯದವ್ವಾ," ಎಂದಳು ಚಂದಮ್ಮ. ಆಕೆಯ ಮುಖದಲ್ಲಿ ನಿಜವಾದ ಸಂಕಟವೇ ಇತ್ತು. "ಇಲ್ಲಂದ್ರ ನಾ ಒಲ್ಲೆ ಅಂತೇನಾ? ರಮಾ, ಒಂದ್ ಮಾತ್ ಹೇಳ್ಲಿ? ಹೊರಗ ಕಟ್ಟಿ ಮ್ಯಾಲ ಹಾಕಿದ್ರ ಹ್ಯಾಂಗ? ನೆರಳದ, ಗಾಳಿ ಬರ್ತದ. ಜನಾ ಬಂದ್ ಕೂಡ್ಲೇ ಮೊದಲ ನಿನ್ನೇ ನೋಡ್ತಾರ."

ಗುಡುಸಾಬ ಟೇಪನ್ನು ಸರ್ರನೆ ಒಳಗೆ ಬಿಟ್ಟ.

ರಮಾಬಾಯಿಗೆ ಅವಳ ಅವ್ವ ಮರೆಮ್ಮ ನೆನಪಾದಳು. ಹಿರೋಳ್ಳಿಯಲ್ಲಿ ದೊಡ್ಡವರ ಮನೆಯ ಜೋಳ ಹಸನು ಮಾಡಲು ಹೋಗುತ್ತಿದ್ದಳು ಅವ್ವ. ಕಟ್ಟೆಯ ಮೇಲೇ ಕೂರುವುದು, ಕಟ್ಟೆಯ ಮೇಲೇ ಉಣ್ಣುವುದು. ಗೋಡೆಯ ಗೂಡಿನಲ್ಲಿ ಅವಳದೊಂದು ಬೇರೆ ಬಟ್ಟಲು ಬೋರಲು ಬಿದ್ದಿರುತ್ತಿತ್ತು. "ಹೊರಗ ಗಾಳಿ ಛಲೋ ಬರ್ತದವ್ವಾ" ಎಂದು ಆ ಮನೆಯವರೂ ಅನ್ನುತ್ತಿದ್ದರು. ಚಂದಮ್ಮ ಆ ಮನೆಯವಳಲ್ಲ. ಚಂದಮ್ಮ ಅವಳ ಎಂಜಲು ಲೋಟದಲ್ಲಿ ಚಹಾ ಹೊಯ್ದುಕೊಂಡು ಕುಡಿದವಳು, ಸೃಷ್ಟಿಯ ನರ್ಸಿಂಗ್ ಸೀಟಿಗೆ ಅಲೆದವಳು. ಈಗ ಆಡಿದ ಮಾತಿನಲ್ಲಿ ಆ ಹಳೆಯದು ಏನೂ ಇರಲಿಲ್ಲ. ಇಲ್ಲವೆಂದು ರಮಾಬಾಯಿಗೆ ಗೊತ್ತಿತ್ತು. ಬೇಕೆಂದೇ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಇಲ್ಲಿ ಸಿಟ್ಟು ಮಾಡಲು ಯಾರೂ ಇರಲಿಲ್ಲ. ಎಲ್ಲರ ಕಾರಣವೂ ಸರಿಯಾಗಿತ್ತು. ತಪ್ಪಿದ್ದು ಎಣಿಕೆ ಮಾತ್ರ. ಅದು ಅವಳದು.

ಹದಿನೆಂಟು ವರ್ಷದ ರೂಢಿಯಂತೆ ಮನಸ್ಸು ತಾನಾಗಿಯೇ ಅರ್ಜಿ ಬರೆಯತೊಡಗಿತು. 'ಇಂದ' ಎಂಬಲ್ಲಿ ಅವಳ ಹೆಸರು. 'ವಿಷಯ' ಎಂಬಲ್ಲಿ ಕಿಟಕಿ. 'ಇವರಿಗೆ' ಎಂಬಲ್ಲಿ ಬಂದು ಪೆನ್ನು ನಿಂತಿತು. ಊರ ಮಂದಿಯದನ್ನೆಲ್ಲ ತಹಸೀಲ್ದಾರರಿಗೆ, ಜಿಲ್ಲಾಧಿಕಾರಿಗಳಿಗೆ ಬರೆದ ಕೈಗೆ ಈ ಒಂದನ್ನು ಯಾರಿಗೆ ಬರೆಯುವುದೆಂದು ತಿಳಿಯಲಿಲ್ಲ.

"ಕಟ್ಟಿಗೇ ಹಾಕ್ರಿ ಭಾಯಿ," ಎಂದಳು.

"ನೋಡು, ಎಷ್ಟ್ ಶಾಣ್ಯಾಕಿ," ಎಂದಳು ಚಂದಮ್ಮ, ಎದೆಯ ಭಾರ ಇಳಿದವಳಂತೆ. "ನಾ ಹೇಳಿಲ್ಲಾ, ಈಕಿ ಎಲ್ಲಿ ಕುಂತ್ರೂ ಬರೀತಾಳ."

ಕಟ್ಟೆ ಬೀದಿಯ ಕಡೆಗಿತ್ತು. ಅಲ್ಲಿಂದ ರೇವಣಪ್ಪನ ಅಂಗಡಿ, ಒಂದು ಪಂಕ್ಚರ್ ದುಕಾನು ಕಾಣುತ್ತಿದ್ದವು. ಗಿಡ ಹಿಂದಿನ ಮಗ್ಗುಲಿಗೆ ಉಳಿಯಿತು. ಆದರೂ ರಮಾಬಾಯಿ ಕೂತಳು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಮೊಣಕಾಲಿಗೆ ಹಾಯೆನಿಸಿತು, ಅದು ಸುಳ್ಳಲ್ಲ. ಮೊದಲ ದಿನ ಇಬ್ಬರು ಬಂದರು. ಎರಡನೆಯ ದಿನ ಯಾರೂ ಬರಲಿಲ್ಲ. ಮೂರನೆಯ ದಿನದ ಹೊತ್ತಿಗೆ ನಸ್ರೀನಳ ಗಿರಾಕಿಗಳು ಸರದಿ ಕಾಯುತ್ತ ಆ ಟೇಬಲ್ಲಿಗೆ ಮೊಣಕೈಯೂರಿ ಫಾರಂ ತುಂಬತೊಡಗಿದರು. "ಸ್ವಲ್ಪ ಸರೀರಿ ಬಾಯೋರೆ" ಎಂದು ಚಹಾದವನು ತಟ್ಟೆ ಇಟ್ಟ. ರಾಧಿಕಾಳ ಹತ್ತಿರ ಬಂದ ಹೆಣ್ಣುಮಗಳೊಬ್ಬಳು ಕೂಸನ್ನು ಅದರ ಮೇಲೆ ಮಲಗಿಸಿ ಒಳಗೆ ಹೋದಳು. ಕೂಸನ್ನು ಹೇಗೆ ಏಳಿಸುವುದು? ರಮಾಬಾಯಿ ನೊಣ ಹೊಡೆಯುತ್ತ ಕೂತಳು. ಎರಡು ಕೀಲಿಕೈ ಸೊಂಟದಲ್ಲಿದ್ದವು, ಖಾನೆಯಲ್ಲಿ ಇನ್ನೂ ಏನೂ ಇಟ್ಟಿರಲಿಲ್ಲ. ರಾತ್ರಿ ಹೊರಗೇ ಇರುವ ಟೇಬಲ್ಲಿನಲ್ಲಿ ಏನಿಡುವುದು.

ಒಳಗೆ, ಕಿಟಕಿಯ ಕೆಳಗೆ ನಸ್ರೀನಳ ಕಾಗದ ತುಂಬಿದ ರಟ್ಟಿನ ಖೋಕಾಗಳು ಬಂದು ಕೂತಿದ್ದವು. ಕಾಗದಕ್ಕೆ ಅಷ್ಟು ಜಾಗ ಸಾಕಾಗಿ ಉಳಿದಿತ್ತು.

ಆರನೆಯ ದಿನ ಕಿಣ್ಣಿ ಸುಲ್ತಾನದ ಹುಸೇನಬೀ ಬಂದಳು. ಎಪ್ಪತ್ತರ ಮುದುಕಿ. ಗಂಡ ಸತ್ತ ಮೇಲೆ ವೇತನದ ಅರ್ಜಿಯನ್ನು ಮೂರು ಸಲ ರಮಾಬಾಯಿಯ ಕೈಯಲ್ಲೇ ಬರೆಸಿದ್ದವಳು.

"ಇಲ್ಲಿ ಅದೀಯೇನ್ ಬೇ!" ಎಂದು ಕಟ್ಟೆಗೆ ಕೈಯೂರಿ ಏದುಸಿರು ಬಿಟ್ಟಳು. "ಮಂಗಳವಾರ ಬಂದಿದ್ದೆ. ಗಿಡದ ಬುಡಕ ನೀ ಇಲ್ಲ. ಸತ್ತಳೇನೋ ಅಂತ ತಿಳದು ವಾಪಸ್ ಹೋದೆ. ಬಸ್ಸಿನ್ಯಾಗ ಅತ್ತೆ ನಾ."

"ಸತ್ತಿಲ್ಲ ನಾನಿ. ಟೇಬಲ್ ಬಂದದ."

ಮುದುಕಿ ಟೇಬಲ್ಲನ್ನು ಕೈಯಿಂದ ಸವರಿ ನೋಡಿದಳು. ಅಲ್ಲಿದ್ದ ಚಹಾದ ಲೋಟಗಳನ್ನೂ ಯಾರದೋ ಹೆಲ್ಮೆಟ್ಟನ್ನೂ ನೋಡಿದಳು. "ಛಲೋ ಅದ," ಎಂದಳು. "ಆದ್ರ ಇಲ್ಲಿ ಯಾರ ಮುಂದ ಏನ್ ಹೇಳ್ಲಿ? ಮಗನ ಮ್ಯಾಲ ಬರಸೋದದ. ಎದುರಿನ ದುಕಾನದಾಗ ಅವನ ದೋಸ್ತ ಕುಂತಾನ. ಗಿಡದ ಕಡಿ ಬರ್ತೀಯೇನು?"

ರಮಾಬಾಯಿ ಎದ್ದಳು. ಬಾಗಿಲ ಹಿಂದೆ ನಿಲ್ಲಿಸಿದ್ದ ಹಳೆಯ ಹಲಗೆಯನ್ನು ತೆಗೆದುಕೊಂಡಳು. "ಎಲ್ಲಿಗಕ್ಕಾ?" ಎಂದು ನಸ್ರೀನ ಸ್ಕ್ರೀನಿನಿಂದ ಕಣ್ಣು ತೆಗೆಯದೆ ಕೇಳಿದಳು. "ಇಲ್ಲೇ," ಎಂದಳು.

ಗಿಡ ಹಿಡಿದು ಕೂತು, ಕಾಲು ಮಡಚಿ, ಹಲಗೆಯನ್ನು ತೊಡೆಗಿಟ್ಟುಕೊಂಡಳು. ಅಂಚು ಬಂದು ತನ್ನ ಹಳೆಯ ಜಾಗಕ್ಕೇ ಒತ್ತಿತು. ಹುಸೇನಬೀ ಅವಳ ಕಿವಿಯ ಹತ್ತಿರ ಬಾಯಿಟ್ಟು, ಮಗನು ಮನೆಯಿಂದ ಹೊರಹಾಕಿದ್ದನ್ನು, ದನದ ಕೊಟ್ಟಿಗೆಯಲ್ಲಿ ಮಲಗುತ್ತಿರುವುದನ್ನು ಹೇಳಿದಳು. ರಮಾಬಾಯಿ ಬರೆದಳು. 'ಇವರಿಗೆ' ಎಂಬಲ್ಲಿ ಪೆನ್ನು ತಡೆಯದೆ ಓಡಿತು. ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವಷ್ಟರಲ್ಲಿ ಮತ್ತಿಬ್ಬರು ಗಿಡದ ಕಡೆಗೇ ನಡೆದು ಬರುತ್ತಿದ್ದರು.

ಆಗ ಫೋನು ಗುಣುಗಿತು. ಸೃಷ್ಟಿ ಬರೆದಿದ್ದಳು: 'ಮಮ್ಮಿ, ವಾರ ಆಯ್ತು. ಟೇಬಲ್ ಫೋಟೋ?'

ರಮಾಬಾಯಿ ತಲೆಯೆತ್ತಿದಳು. ಕೂತಲ್ಲಿಂದ ಕಿಟಕಿ ನೇರವಾಗಿ ಕಾಣುತ್ತಿತ್ತು. ಕಂಬಿಗಳ ಹಿಂದೆ ಖೋಕಾದ ಮೂಲೆ, ಅದರಾಚೆ ಕತ್ತಲೆ. ಫೋನೆತ್ತಿ ಕಿಟಕಿಯ ಚಿತ್ರ ತೆಗೆದು ಕಳಿಸಿದಳು.

ತುಸು ಹೊತ್ತಿಗೆ ಉತ್ತರ ಬಂತು. 'ಇದು ಹೊರಗಿಂದ ತೆಗೆದದ್ದು. ನೀ ಎಲ್ಲಿ?'

ಬಂದವರಲ್ಲಿ ಒಬ್ಬಳು ಆಗಲೇ ಎದುರಿಗೆ ಕೂತು, ಸೆರಗಿನ ಗಂಟಿನಿಂದ ಕಾಗದಗಳನ್ನು ಬಿಚ್ಚುತ್ತಿದ್ದಳು. ಸೊಂಟದಲ್ಲಿ ಕೀಲಿಕೈ ಚುಚ್ಚಿತು; ರಮಾಬಾಯಿ ಅದನ್ನು ಪಕ್ಕಕ್ಕೆ ಸರಿಸಿಕೊಂಡಳು. ಫೋನನ್ನು ಬೋರಲಾಗಿ ಹಲಗೆಯ ಕೆಳಗಿಟ್ಟು, "ಹೇಳವ್ವಾ," ಎಂದಳು.